ಅಂದಾಜು

ವಿಭಾಗದ ಬೋರ್ಡು ಬರುವ ಹೊತ್ತಿಗೆ
ನಾನು ಮುಖ್ಯಸ್ಥೆಯಾಗಿ ಮೂರು ತಿಂಗಳು.
ಬಂದದ್ದರಲ್ಲಿ 'ಇಂಧನ'ದ ಸೊನ್ನೆ ಬಿಟ್ಟುಹೋಗಿತ್ತು.
ಜವರಪ್ಪ ಸೀಮೆಸುಣ್ಣದಲ್ಲಿ ಇಟ್ಟ.
ಪ್ರತಿ ಮಳೆ ಹೋದ ಮೇಲೂ ಮತ್ತೆ ಇಡುತ್ತಾನೆ.

ಸಾಲಗಾಮೆ ರಸ್ತೆಯ ಕಡೆಗೆ ಎರಡು ಕಿಟಕಿ,
ಆರು ಕಂಪ್ಯೂಟರು, ನಾಲ್ವರು ಸಂಶೋಧಕರು.
ಕರೆಂಟು ಹೋದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ,
ನಾನೇ ತೆಗೆಸಿದೆನೇನೋ ಎಂಬಂತೆ.

ನಾವು ಅಳೆಯುವುದು ಮೀಟರಿಲ್ಲದ್ದನ್ನು.
ಪಂಪ್‌ಸೆಟ್ಟುಗಳು ಕುಡಿದ ಕರೆಂಟಿಗೆ
ಲೆಕ್ಕವಿಲ್ಲ, ಅಂದಾಜಿದೆ.
ಅಂದಾಜಿನ ಮೇಲೆ ಸಬ್ಸಿಡಿ,
ಸಬ್ಸಿಡಿಯ ಮೇಲೆ ಬಜೆಟ್ಟು,
ಅದರ ಮೇಲೆ ಕಾಫಿ ಲೋಟ ಇಟ್ಟುಕೊಂಡು
ಹಣಕಾಸಿನವರು ಕೇಳುತ್ತಾರೆ:
ವಿವರ ಬೇಡ ಮೇಡಂ, ಒಂದೇ ಒಂದು ಅಂಕಿ ಹೇಳಿ.

ಆಲೂರಿನ ಕಡೆಗೆ ರುಬೀನಾ ಪ್ರಶ್ನಾವಳಿ ಹಿಡಿದು ಹೊರಟಾಗ
ಜೊತೆಗೆ ನಾನೂ ಜೀಪು ಹತ್ತಿದೆ.
ಹದಿನೇಳನೇ ಪ್ರಶ್ನೆ:
ದಿನಕ್ಕೆ ಎಷ್ಟು ಗಂಟೆ ತ್ರೀ ಫೇಸ್?
ಶುಂಠಿ ಮಡಿಯ ಪೈಪು ಎಳೆಯುತ್ತಿದ್ದ ದ್ಯಾವಮ್ಮ ನಿಂತಳು:
"ದಿನ ಅಂದ್ರೆ ಯಾವುದವ್ವ? ನಮ್ಗೆ ಬರಾದು ರಾತ್ರಿ."
ಎಷ್ಟು ಹೊತ್ತಿಗೆ?
"ಬಂದ ಹೊತ್ಗೆ."

ರುಬೀನಾಳ ಪೆನ್ನು ಚೌಕದ ಮೇಲೆ ತಡೆಯಿತು.
ಆ ಚೌಕದಲ್ಲಿ ಎರಡಂಕಿ ಹಿಡಿಯುತ್ತದೆ.
ಆನೆ ಇಳಿದಿದೆಯೆಂದು ಪಕ್ಕದೂರಿನಿಂದ ಫೋನು ಬಂದ ರಾತ್ರಿಯೂ
ಟಾರ್ಚು ಆರಿಸಿಕೊಂಡು
ಸ್ಟಾರ್ಟರ್ ಡಬ್ಬದ ಪಕ್ಕ ಕೂತವಳು
ಹಿಡಿಯುವುದಿಲ್ಲ.

ಕರೆಂಟು ಬಂದಾಗ ಒಂದು ಮಿಸ್ಡ್ ಕಾಲ್ ಕೊಡಿ, ಅಂದೆವು.
ಎತ್ತುವುದಿಲ್ಲ, ನಿಮ್ಮ ದುಡ್ಡು ಹೋಗುವುದಿಲ್ಲ.
ನಲವತ್ತೊಂದು ಮನೆ ಒಪ್ಪಿದವು.
ಗುಂಡಿಯ ಫೋನೊಂದು, ಒಂಬೈನೂರು ರೂಪಾಯಿ.
ಇದು ಸಂಶೋಧನಾ ಉಪಕರಣ ಹೇಗಾಗುತ್ತದೆಂದು
ಆಡಿಟ್ಟಿನವರ ಕಡತ ಇನ್ನೂ ಕೇಳುತ್ತಲೇ ಇದೆ.

ಒಂದೂ ಇಪ್ಪತ್ತು. ದಿಂಬಿನ ಪಕ್ಕ ಹಲಗೆ ಗುಂಯ್‌ಗುಟ್ಟುತ್ತದೆ.
ಒಂದೂ ಇಪ್ಪತ್ತೆರಡು. ಮಗ್ಗೆಯ ಆಚೆ ಮೋಟಾರು ತಿರುಗಿತು.
ಎರಡೂ ಐದು. ಯಾರದೋ ಕಾಲುವೆಯಲ್ಲಿ
ಮೊದಲ ನೀರು ತರಗೆಲೆ ತಳ್ಳಿಕೊಂಡು ಹೊರಟಿರಬೇಕು.
ನಮ್ಮವರು ಒಂದು ವಾರ ಸಹಿಸಿದರು,
ಆಮೇಲೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡರು.

ಹತ್ತೊಂಬತ್ತನೇ ರಾತ್ರಿ ನಲವತ್ತು ಬಂದವು.
ದ್ಯಾವಮ್ಮನದು ಬರಲಿಲ್ಲ.
ಅದೇ ಟಿಸಿ, ಅದೇ ಲೈನು,
ಬೇಲಿಯಾಚೆಯವರದು ಬಂದಾಗಿದೆ.
ಫ್ಯೂಸು ಹೋಯಿತೇ? ಫೋನಿನ ಚಾರ್ಜು ಮುಗಿಯಿತೇ?
ಮೂರನೆಯದನ್ನು ಮನಸ್ಸಿನಲ್ಲೂ ಹೇಳಿಕೊಳ್ಳಲಿಲ್ಲ.
ನಾವಾಗಿ ಕರೆ ಮಾಡುವಂತಿಲ್ಲ,
ಮಾಡಿದರೆ ದತ್ತಾಂಶ ಕೆಡುತ್ತದೆ.
ಈ ನಿಯಮ ಬರೆದವಳು ನಾನು.
ಮೂರಕ್ಕೆ ಹತ್ತು ನಿಮಿಷ ಇರುವಾಗ ಮುರಿದೆ.
ರಿಂಗಾಯಿತು. ರಿಂಗಾಗುತ್ತಲೇ ಇತ್ತು.

ಬೆಳಿಗ್ಗೆ ಏಳಕ್ಕೆ ಅವಳೇ:
"ನಿದ್ದೆ ಬಂದ್ಬುಡ್ತು ಕಣವ್ವ.
ಇಂಥಾ ನಿದ್ದೆ ಮಾಡಿ ಯಾವ ಕಾಲ ಆಗಿತ್ತೋ.
ನಿಮ್ಮ ಬುಕ್ಕಿಗೆ ಏನಾರ ತಪ್ಪಾಯ್ತಾ?"

ಆಫೀಸಿನಲ್ಲಿ ಯೋಗೀಶ ಕೇಳಿದ, ಏನು ತುಂಬಲಿ?
ಉಳಿದ ನಲವತ್ತರ ಸರಾಸರಿ ಹಾಕುವುದು ಪದ್ಧತಿ.
ನನ್ನದೇ ತರಗತಿಯಲ್ಲಿ ಕಲಿತ ಹುಡುಗ.
ಬೇಡ, ಇನ್ನೊಂದು ಕಾಲಂ ಎಳೆ.
ತಲೆಬರಹ?
ನಿದ್ದೆ.
ನಕ್ಕ. ನಾನು ನಗದಿದ್ದುದನ್ನು ನೋಡಿ ಎಳೆದ.

ವರದಿಯ ಮೂವತ್ತೊಂದನೇ ಪುಟದಲ್ಲಿ ಅದಿದೆ:
ನಲವತ್ತೊಂದು ಸಾಲು ಉದ್ದದ ಬಿಳಿ ಕಾಲಂ,
ನಡುವೆಲ್ಲೋ ಒಂದೇ ಒಂದು ಅಂಕಿ.
ಹಣಕಾಸಿನವರು ಕೇಳಿದ್ದು ಇದನ್ನಲ್ಲ, ಗೊತ್ತು.
ಸಭೆಯಲ್ಲಿ ಅವರು ಆ ಪುಟ ಮಗುಚಿದ ವೇಗಕ್ಕೆ
ಲೋಟದ ಕಾಫಿ ಸ್ವಲ್ಪ ಅಲುಗಿತು, ಅಷ್ಟೆ.

ಯೋಜನೆಯ ಅವಧಿ ಮುಗಿಯಿತು.
ರುಬೀನಾ ತುಮಕೂರಿನ ಕಾಲೇಜಿಗೆ ಹೋದಳು.
ಬಾಕಿ ಹಣಕ್ಕೆ ಮೂರು ಪತ್ರ ಬರೆದಿದ್ದೇನೆ.
ಸಾಕು, ಇನ್ನು ಕಾಲ್ ಕೊಡಬೇಡಿ ಎಂದು
ಆ ಮನೆಗಳಿಗೆ ಹೇಳುವುದು ಮಾತ್ರ
ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.

ಒಂದೂ ನಲವತ್ತು.
ಹಲಗೆ ಗುಂಯ್‌ಗುಟ್ಟುತ್ತದೆ.